ರೆಕ್ಕೆಗೆ ಅಂಟಿಸಿದ ಉಣ್ಣೆ

ಮೇಸ್ತ್ರಿಯವರಿಗೆ ವಿಮಾನದ ಬಗ್ಗೆ ಏನೂ ಗೊತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಅವರು ತೀರಿಕೊಂಡ ದಿನ ಅವರ ಬೀದಿಯವರೆಲ್ಲ ಸೇರಿ ಅವರನ್ನು ದೊಡ್ಡ ಎಂಜಿನಿಯರ್ ಮಾಡಿಬಿಟ್ಟಿದ್ದರು. ಶಾಮಿಯಾನದ ಕೆಳಗೆ ಕೂತಿದ್ದಾಗ ಒಬ್ಬರು ನನ್ನ ಕಿವಿಯ ಹತ್ತಿರ ಬಗ್ಗಿ, "ಪ್ಲೇನು ಕಟ್ಟಿದ್ದೇ ಇವ್ರು, ಗೊತ್ತಾ ಸಾರ್?" ಎಂದರು. ಪ್ಲೇನು ಕಟ್ಟಿದವನು ನಾನು. ಆ ಹೊತ್ತಿನಲ್ಲಿ ವಾದ ಬೇಡವೆಂದು "ಹೌದಾ" ಎಂದು ಸುಮ್ಮನಾದೆ.

ಅವರು ಸೇಲಂ ಹೊರಗಿನ, ಲಾರಿ ಬಾಡಿ ಕಟ್ಟುವ ಒಂದು ಪಟ್ಟರೆಯಲ್ಲಿ ನಲವತ್ತು ವರ್ಷ ಕೆಲಸ ಮಾಡಿದವರು. ತಗಡು ಬಡಿಯುವುದು, ಪುಟ್ಟಿ ಹಚ್ಚಿ ಉಜ್ಜುವುದು, ಪೇಂಟ್ ಹೊಡೆಯುವುದು. ಹುಟ್ಟಿದ್ದು ನಲ್ಲಂಪಳ್ಳಿ ಕಡೆಯ ಕುರಿ ಸಾಕುವ ಮನೆಯಲ್ಲಿ. ಮನೆಮಾತು ನಮ್ಮದರಂತೆಯೇ ಕನ್ನಡ, ಕೆಲಸದ ಮಾತು ತಮಿಳು. ಸಿಟ್ಟು ಬಂದರೆ ಎರಡೂ ಒಟ್ಟಿಗೆ. ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆದವರನ್ನು ನಾನು ಕಂಡೇ ಇಲ್ಲ; ಹೆಂಡತಿಯೂ ಹೊರಗಿನವರ ಎದುರು ಮೇಸ್ತ್ರಿ ಎಂದೇ ಅನ್ನುತ್ತಿದ್ದರು.

ನಾನು ವಾಯುಪಡೆಯಲ್ಲಿ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದವನು. ನಿವೃತ್ತನಾಗಿ ಊರಿಗೆ ಬಂದ ಮೇಲೆ ನಕ್ಷೆ ತರಿಸಿಕೊಂಡು ಎರಡು ಸೀಟಿನ ಸಣ್ಣ ವಿಮಾನವೊಂದನ್ನು ಕಟ್ಟಲು ಆರು ವರ್ಷ ಹಿಡಿಯಿತು. ಅದಕ್ಕೆ ಪರ್ಮಿಟ್, ನನಗೆ ಲೈಸೆನ್ಸ್ ಸಿಗಲು ಇನ್ನೂ ಎರಡು ವರ್ಷ. ತೊಪ್ಪೂರು ಘಾಟಿಯ ಈಚೆಗೆ, ಮುಚ್ಚಿಹೋದ ಒಂದು ಮಿಲ್ಲಿನವರ ಮಣ್ಣಿನ ರನ್‌ವೇ ಇತ್ತು. ಅವರನ್ನು ಕೇಳಿಕೊಂಡು ಅಲ್ಲೇ ತಗಡಿನ ಶೆಡ್ ಹಾಕಿದೆ. ವಿಮಾನವೇನೋ ಹಾರಿತು. ಆದರೆ ಹಾರಿದ ಚಂದವನ್ನು ಏನೆಂದು ಹೇಳಲಿ! ನಕ್ಷೆ ಮಾಡಿದವನು ಗಂಟೆಗೆ ನೂರ ಎಂಬತ್ತು ಕಿಲೋಮೀಟರ್ ಎಂದು ಬರೆದಿದ್ದ. ನನ್ನದು ನೂರ ಐವತ್ತಕ್ಕೇ ಏದುಸಿರು ಬಿಡುತ್ತಿತ್ತು. ಕೆಳಗೆ ಹೈವೇಯಲ್ಲಿ ಓಡುವ ಖಾಸಗಿ ಆಮ್ನಿ ಬಸ್ಸುಗಳು ನನ್ನ ಜೊತೆ ಪೈಪೋಟಿಗೆ ಬಿದ್ದಂತೆ ಕಾಣುತ್ತಿದ್ದವು.

ಮೇಸ್ತ್ರಿಯವರನ್ನು ಕರೆಸಿದ್ದು ಪೇಂಟಿಗೆ. ಆಗ ಅವರಿಗೆ ಅರವತ್ತೈದು ದಾಟಿತ್ತು, ಪಟ್ಟರೆ ಬಿಟ್ಟಿದ್ದರು. ಬಂದವರು ಬಣ್ಣದ ಮಾತೇ ಎತ್ತಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಕಣ್ಣು ಮುಚ್ಚಿಕೊಂಡು, ಬಲಗೈಯ ಅಂಗೈಯನ್ನು ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಕ್ಕೆ ಎಳೆಯುತ್ತಾ ಹೋದರು. ಒಂದು ಕಡೆ ಕೈ ನಿಂತಿತು.

"ತಮ್ಮಾ, ಇಲ್ಲಿ ಕೈ ನಿಂತ್ಕತೈತೆ. ಕೈ ನಿಂತ ಕಡೆ ಗಾಳೀನೂ ನಿಂತ್ಕಳಲ್ವಾ?"

ನೋಡಿದರೆ ಅಲ್ಲಿ ಎರಡು ತಗಡು ಸೇರುವ ಜಾಗ, ಒಂದರ ಅಂಚು ಕೂದಲೆಳೆಯಷ್ಟು ಮೇಲೆದ್ದಿತ್ತು. ನಾನು ಆರು ವರ್ಷ ಅದರ ಮೇಲೇ ಚಾ ಲೋಟ ಇಟ್ಟವನು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆ ದಿನ ಸಂಜೆಯವರೆಗೆ ಅವರು ಸೀಮೆಸುಣ್ಣದಲ್ಲಿ ವಿಮಾನದ ಮೈತುಂಬ ಗುರುತು ಹಾಕಿದರು. ಎಣಿಸಲು ಹೋಗಿ ಬೇಜಾರಾಗಿ ಬಿಟ್ಟುಬಿಟ್ಟೆ. ಸ್ವಲ್ಪ ಅವಮಾನವೂ ಆಗಿತ್ತು, ನಿಜ ಹೇಳಬೇಕಲ್ಲ.

ಹೀಗೆ ಪೇಂಟಿಗೆ ಬಂದವರು ನಾಲ್ಕು ವರ್ಷ ಬಂದರು. ಮೋಟು ಬೀಡಿ ಕಿವಿಯ ಸಂದಿಯಲ್ಲಿ ಇರುತ್ತಿತ್ತು. ಪೆಟ್ರೋಲ್ ಇರುವ ಜಾಗ ಎಂದು ನಾನು ಬೈದ ಮೇಲೆ ಅದನ್ನು ಒಂದು ದಿನವೂ ಹಚ್ಚಲಿಲ್ಲ, ಕಿವಿಯಿಂದ ತೆಗೆಯಲೂ ಇಲ್ಲ. ಚಕ್ರ ಹೊರುವ ದುಂಡು ಪೈಪುಗಳಿಗೆ ಮೀನಿನ ಮೈಯಂಥ ಹೊದಿಕೆ ಮಾಡಿದರು. ಚಕ್ರಗಳಿಗೆ ಫೈಬರಿನ ಟೋಪಿ ಮಾಡಿದರು. ರೆಕ್ಕೆಗೂ ಅದರ ಹಿಂದೆ ಆಡುವ ಪಟ್ಟಿಗೂ ನಡುವಿನ ಸಂದನ್ನು ತೆಳ್ಳನೆ ಟೇಪಿನಿಂದ ಮುಚ್ಚಿದರು. ಎಂಜಿನ್ ತಣ್ಣಗಾಗಲು ಬಿಟ್ಟ ಗಾಳಿಯ ಬಾಯಿ ಬೇಕಾದ್ದಕ್ಕಿಂತ ಎರಡರಷ್ಟಿದೆ ಎಂದು ನಾನೇ ಲೆಕ್ಕ ಹಾಕಿ ಹೇಳಿದೆ. ಅವರು ಅದನ್ನು ಚಿಕ್ಕದು ಮಾಡಿ, "ದೊಡ್ ಬಾಯಿ ಇದ್ರೆ ಓಟ ಕಮ್ಮಿ, ಮನುಷ್ಯಂಗೂ ಅಂಗೇ" ಎಂದು ನನ್ನ ಕಡೆ ನೋಡಿದರು. ಒಂದೊಂದು ಕೆಲಸ ಮುಗಿದಾಗಲೂ ನಾನು ಹಾರಿ, ಒಂದೇ ದಾರಿಯಲ್ಲಿ ಹೋಗಿ ಬಂದು, ಗಾಳಿಯ ಪಾಲನ್ನು ಕಳೆದು ವೇಗ ಬರೆದುಕೊಳ್ಳುತ್ತಿದ್ದೆ. ಮೂರು ಕಿಲೋಮೀಟರ್ ಹೆಚ್ಚು, ಐದು ಹೆಚ್ಚು. ಇಳಿದು ಹೇಳಿದರೆ ಅವರದು ಒಂದೇ ಮಾತು: "ಅವ್ಳೋದಾನಾ?" ಅಷ್ಟೇನಾ ಅಂತ.

ಎರಡನೇ ವರ್ಷವೋ ಏನೋ, ಒಂದು ಮಧ್ಯಾಹ್ನ ರಾಗಿಮುದ್ದೆ ತಿಂದು ಕೈ ತೊಳೆಯುತ್ತಾ ಕೇಳಿದರು.

"ತಮ್ಮಾ, ಆ ಬಲಗಡೆ ಸೀಟು ಯಾರ್ಗೆ?"

"ಯಾರಿಗೂ ಇಲ್ಲ ಸದ್ಯಕ್ಕೆ."

"ನಾ ಕೂತ್ಕಬೋದಾ?"

ನನಗೊಂದು ನಿಯಮವಿತ್ತು. ಪರ್ಮಿಟ್ಟಿನಲ್ಲಿ ಇಬ್ಬರಿಗೆ ಅವಕಾಶವಿದ್ದರೂ ರನ್‌ವೇ ತುದಿಯಲ್ಲಿ ಕರೆಂಟಿನ ದೊಡ್ಡ ಕಂಬಗಳು, ಅದರಾಚೆ ಬೆಟ್ಟ. ಇಬ್ಬರ ಭಾರ ಹೊತ್ತು ನಿಮಿಷಕ್ಕೆ ಐನೂರು ಅಡಿ ಮೇಲೇರದಿದ್ದರೆ ಯಾರನ್ನೂ ಕೂರಿಸುವುದಿಲ್ಲ ಎಂದು ಮೊದಲೇ ನಿರ್ಧರಿಸಿದ್ದೆ. ಅದನ್ನು ಅವರಿಗೆ ಬಿಡಿಸಿ ಹೇಳಿದೆ. ಅವರು ತಕ್ಷಣ ಧರ್ಮಪುರಿಯ ಹುಣಸೆ ಮಂಡಿಗೆ ಹೋಗಿ ತೂಕದ ಯಂತ್ರದ ಮೇಲೆ ನಿಂತು ಬಂದರು. ಅರವತ್ತೆರಡು ಕೇಜಿ. ಅಷ್ಟೇ ತೂಕದ ಮರಳನ್ನು ಚೀಲಕ್ಕೆ ತುಂಬಿ, ಬಲಗಡೆ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಕಟ್ಟಿದರು.

"ಇದು ನಾನು. ಈಗ ಓಗಿ ಬಾ."

ನಿಮಿಷಕ್ಕೆ ಮುನ್ನೂರು ಅಡಿ. ಇಳಿದು ಹೇಳಿದಾಗ ಮರಳಿನ ಚೀಲದ ಬೆನ್ನು ತಟ್ಟಿ, "ಇರು ಲೇ, ಆಯ್ತದೆ" ಎಂದರು. ಅವತ್ತಿನಿಂದ ಆ ಚೀಲವೇ ನಮ್ಮ ಪ್ರಯಾಣಿಕ. ಕಟ್ಟುವಾಗ ಬೆಲ್ಟ್ ಬಿಗಿಯಾದರೆ, "ಮೆಲ್ಲಗೆ, ನಂಗೆ ನೋಯ್ತದೆ" ಎನ್ನುತ್ತಿದ್ದರು.

ಉಣ್ಣೆಯ ವಿಷಯ ಬಂದದ್ದು ಆ ಮೇಲೆ. ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂದು ಕಣ್ಣಿಗೆ ಕಾಣಬೇಕಾದರೆ ನಾಲ್ಕು ಬೆರಳುದ್ದದ ಉಣ್ಣೆ ಎಳೆಗಳನ್ನು ಸಾಲಾಗಿ ಟೇಪಿನಿಂದ ಅಂಟಿಸಿ ಹಾರಬೇಕು. ಗಾಳಿ ಸರಿಯಾಗಿ ಹರಿದ ಕಡೆ ಎಳೆ ಮೈಗೆ ಅಂಟಿ ಮಲಗುತ್ತದೆ, ಕೆಟ್ಟ ಕಡೆ ಎದ್ದು ಕುಣಿಯುತ್ತದೆ. ಇದು ಹಳೆಯ ಉಪಾಯ, ನನ್ನದಲ್ಲ. ಸೇಲಂ ಬಿಸಿಲಲ್ಲಿ ಉಣ್ಣೆ ಮಾರುವವರು ಯಾರು? ಫ್ಯಾನ್ಸಿ ಸ್ಟೋರಿನಲ್ಲಿ ಗುಲಾಬಿ ಬಣ್ಣದ ನೈಲಾನ್ ದಾರ ಕೊಟ್ಟರು. ಅದು ಸೆಟೆದು ನಿಂತು ಎಲ್ಲ ಕಡೆಯೂ ಕುಣಿಯಿತು.

ಮೇಸ್ತ್ರಿ ಅದನ್ನು ಎರಡು ಬೆರಳಲ್ಲಿ ಹೊಸೆದು ನೋಡಿ ಎಸೆದರು. "ಕುರಿ ಮನೇಲಿ ಉಟ್ಟೋನ್ ಇಲ್ಲಿ ನಿಂತಿವ್ನಿ, ನೀನು ಅಂಗ್ಡಿಗೆ ಓಗಿದೀಯಾ!"

ಮರುದಿನ ಕರಿ ಉಣ್ಣೆಯ ಒಂದು ಉಂಡೆ ತಂದರು. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಕದಿರಿನಲ್ಲಿ ನೂತದ್ದು. ಕಂಬಳಿಗೆ ನೂಲುವ ಎಳೆಗೆ ಹುರಿ ಜಾಸ್ತಿ, ಅದು ಮಲಗುವುದಿಲ್ಲ ಎಂದು ಮೇಸ್ತ್ರಿಯೇ ಹೇಳಿ ಹುರಿ ಕಮ್ಮಿ ಮಾಡಿಸಿದ್ದರು. ಬಿಳಿ ರೆಕ್ಕೆಯ ಮೇಲೆ ಕರಿ ಎಳೆ ಎದ್ದು ಕಾಣುತ್ತಿತ್ತು. ನಾನು ಹಾರುತ್ತಾ ನೋಡಿದೆ, ಎಷ್ಟು ಚೆನ್ನಾಗಿ ಮಾತು ಕೇಳುವ ಉಣ್ಣೆ ಅದು! ಎಲ್ಲೆಲ್ಲಿ ಕುಣಿದವು ಎಂದು ಗುರುತು ಹಾಕಿಕೊಂಡು ಬಂದು, ಅಲ್ಲೆಲ್ಲ ತಿದ್ದಿದೆವು. ಒಂದು ಜಾಗ ಮಾತ್ರ ನನಗೆ ಕಾಣುತ್ತಿರಲಿಲ್ಲ. ಬಲ ರೆಕ್ಕೆ ಮೈಗೆ ಸೇರುವ ಬುಡ, ಹಿಂದಿನ ಮೂಲೆ. ಎಡಗಡೆ ಕೂತು ಹಾರಿಸುವವನಿಗೆ ಅದು ಮರೆ; ಬಲಗಡೆ ಸೀಟಿನಲ್ಲಿ ಕೂತವರು ಕತ್ತು ತಿರುಗಿಸಿದರೆ ಮಾತ್ರ ಕಾಣುತ್ತದೆ. ಮರಳಿನ ಚೀಲ ಕತ್ತು ತಿರುಗಿಸುವುದಿಲ್ಲವಲ್ಲ.

ವೇಗ ನೂರ ಎಪ್ಪತ್ತು ದಾಟಿತು, ಏರುವುದು ನಾನೂರ ಐವತ್ತಕ್ಕೆ ಬಂತು. ಇನ್ನು ಐವತ್ತೇ ಅಡಿ. ಆಗ ಎಡವಟ್ಟಾಯಿತು.

ನಾನು ಪರ್ಮಿಟ್ ನವೀಕರಿಸುವ ಕೆಲಸಕ್ಕೆ ಮೂರು ವಾರ ಚೆನ್ನೈನಲ್ಲಿ ಇರಬೇಕಾಯಿತು. ಹಿಂದಿರುಗಿದಾಗ ವಿಮಾನ ಕನ್ನಡಿಯಾಗಿತ್ತು. ಒಂದು ರಿವೆಟ್ ಕಾಣದು, ಒಂದು ಜಾಯಿಂಟ್ ಕಾಣದು. ನನ್ನ ಮುಖ ರೆಕ್ಕೆಯಲ್ಲಿ ನೆಟ್ಟಗೆ ಕಂಡಿತು. ಮೇಸ್ತ್ರಿ ಕೈ ಕಟ್ಟಿಕೊಂಡು, ಏನೂ ಆಗದವರ ಹಾಗೆ ಪಕ್ಕದಲ್ಲಿ ನಿಂತಿದ್ದರು. ನಾನೂ ಕುಣಿದಾಡಿದೆ. ಮರಳು ಕೂರಿಸಿಕೊಂಡು ಹಾರಿದರೆ ವೇಗ ಮೂರು ಕಿಲೋಮೀಟರ್ ಹೆಚ್ಚು. ಏರುವುದು ಮಾತ್ರ ನಾನೂರಕ್ಕೆ ಇಳಿದಿತ್ತು. ಎಂಜಿನ್ ನೋಡಿದೆ, ಪ್ಲಗ್ ನೋಡಿದೆ. ಎರಡು ದಿನ ತಲೆ ಕೆಟ್ಟಿತು. ಕೊನೆಗೆ ಮಂಡಿಯಿಂದ ಮೂರು ತೂಕದ ಯಂತ್ರ ತರಿಸಿ ಒಂದೊಂದು ಚಕ್ರದ ಕೆಳಗೆ ಒಂದೊಂದು ಇಟ್ಟೆ. ವಿಮಾನ ಹದಿನೆಂಟು ಕೇಜಿ ದಪ್ಪವಾಗಿತ್ತು. ಎಲ್ಲವೂ ಪುಟ್ಟಿ.

ಲಾರಿ ಬಾಡಿಯಲ್ಲಿ ಅದೇ ಪದ್ಧತಿ. ತಗ್ಗಿದ್ದರೆ ಪುಟ್ಟಿ ತುಂಬು, ಉಜ್ಜು, ಮತ್ತೆ ತುಂಬು, ಕೈ ಜಾರುವವರೆಗೂ ಹಚ್ಚು. ಹತ್ತು ಟನ್ ಹೊರುವ ಗಾಡಿಗೆ ಹದಿನೆಂಟು ಕೇಜಿ ಯಾವ ಲೆಕ್ಕ? ಅವರ ಕೈ ನಲವತ್ತು ವರ್ಷ ಕಲಿತದ್ದನ್ನು ಮಾಡಿತ್ತು. ಈಗ ಅರ್ಥವಾಗುತ್ತದೆ. ಅವತ್ತು ಆಗಲಿಲ್ಲ.

"ಇದು ಲಾರಿ ಅಲ್ಲ ಮೇಸ್ತ್ರಿ! ಬಣ್ಣ ಬಳಿಯೋರಿಗೆ ಪ್ಲೇನು ಮುಟ್ಟೋಕೆ ಬಿಟ್ಟಿದ್ದು ನನ್ನ ತಪ್ಪು" ಎಂದೆ.

ಅವರು ರೆಕ್ಕೆಯ ಮೇಲೆ ಒಂದು ಸಲ ಅಂಗೈ ಎಳೆದರು. ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೋದರು. ಮರುದಿನ ಬರಲಿಲ್ಲ, ಮರುವಾರವೂ ಬರಲಿಲ್ಲ. ಫೋನ್ ಮಾಡಲು ನನ್ನ ಹಟ ಬಿಡಲಿಲ್ಲ. ನನ್ನ ನಾಲಿಗೆ ಒಂದು ದರಿದ್ರ.

ಇಪ್ಪತ್ತು ದಿನದ ಮೇಲೆ ಬಂದವರು ಅಕ್ಕ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದು, ಶೆಡ್ಡಿನ ನೆರಳಲ್ಲಿ ಕೂತು, ನೀರು ಕುಡಿದರು. ವಿಮಾನವನ್ನು ಅವರು ನೋಡಿದ್ದು ಅದೇ ಮೊದಲು. "ಇದೇನಾ? ಇಷ್ಟೇನಾ?" ಎಂದರು. ಆಮೇಲೆ ಹೇಳಿದರು.

"ಅವ್ರು ಮಾತಾಡ್ತಿಲ್ಲ ತಮ್ಮಾ. ಊಟ ಮಾಡ್ತಾರೆ, ಮಲಗ್ತಾರೆ. ಅವ್ರಪ್ಪ ಸತ್ತಾಗ್ಲೂ ಇಂಗೇ ಇದ್ರು."

ಮೇಸ್ತ್ರಿಯವರ ತಂದೆ ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ನಲ್ಲಂಪಳ್ಳಿಯಿಂದ ತೊಪ್ಪೂರು ದಾಟಿ ಮೇಟ್ಟೂರಿನ ಹೊಳೆದಂಡೆಗೆ ಹೋಗುತ್ತಿದ್ದರಂತೆ. ಹುಡುಗನಾಗಿದ್ದಾಗ ಮೇಸ್ತ್ರಿಯೂ ಜೊತೆಗೆ ನಡೆದವರೇ. ಪಟ್ಟರೆಯ ಕೆಲಸ ಸಿಕ್ಕ ವರ್ಷ ಅವರು ಹೋಗಲಿಲ್ಲ. ಆ ವರ್ಷವೇ ಅಪ್ಪ ದಾರಿಯಲ್ಲಿ ಜ್ವರ ಬಂದು ತೀರಿಕೊಂಡರು. ಜೊತೆಯಲ್ಲಿದ್ದವರು ಒಂದು ಹುಣಸೆಮರದ ಬುಡದಲ್ಲಿ ಮಣ್ಣು ಮಾಡಿ, ಕುರಿಗಳನ್ನು ಮುಂದಕ್ಕೆ ಹೊಡೆದುಕೊಂಡು ಹೋದರು. ಆಮೇಲೆ ದೊಡ್ಡ ರೋಡು ಬಂತು. ಕುರಿದಾರಿ ಎಲ್ಲಿತ್ತು, ಮರ ಎಲ್ಲಿತ್ತು ಎಂದು ಮೇಸ್ತ್ರಿ ಎಷ್ಟೋ ಭಾನುವಾರ ಹುಡುಕಿದರೂ ಗುರುತು ಸಿಗಲಿಲ್ಲ.

"ಮೇಲಿಂದ ನೋಡಿದ್ರೆ ದಾರಿ ಗೆರೆ ಕಾಣ್ತದೆ, ಮರ ಸಿಕ್ತದೆ ಅಂತಾರೆ. ಅದ್ಕೇ ಆ ಸೀಟು, ಸೀಟು ಅಂತ ನಿದ್ದೇಲೂ ಮಾತಾಡೋದು. ನೀನು ಬೈದಿದ್ಕೆ ಬೇಜಾರಿಲ್ಲ ಅವ್ರಿಗೆ. ನನ್ ಸೀಟ್ನ ನಾನೇ ಕೆಡಿಸ್ಕೊಂಡೆ ಅಂತ ಅಷ್ಟೇ."

ಎರಡು ವರ್ಷ ಪಕ್ಕದಲ್ಲೇ ಕೆಲಸ ಮಾಡಿದವರು ಇದರಲ್ಲಿ ಒಂದಕ್ಷರ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಅಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ನೇರ ಅವರ ಮನೆಗೆ ಹೋದೆ. ಮೇಸ್ತ್ರಿ ಜಗಲಿಯ ಮೇಲೆ ಕೂತಿದ್ದರು. ಕ್ಷಮೆ ಕೇಳುವ ಮಾತು ಹುಡುಕುತ್ತಿದ್ದೆ, ಅವರೇ ಕೇಳಿದರು.

"ಉಜ್ಜಿ ತೆಗುದ್ರೆ ಆಯ್ತದಾ?"

"ಆಗುತ್ತೆ ಮೇಸ್ತ್ರಿ. ಆದರೆ ನೀವು ಪಟ್ಟ ಕಷ್ಟ ಎಲ್ಲ ಹೋಗುತ್ತಲ್ಲ."

"ಓಗ್ಲಿ ಬಿಡು. ನಾನ್ ಆಕಿದ್ದು ನಾನೇ ತೆಗೀತೀನಿ."

ಒಂದೂವರೆ ತಿಂಗಳು ಅವರು ತಮ್ಮ ಕನ್ನಡಿಯನ್ನು ತಾವೇ ಉಜ್ಜಿ ತೆಗೆದರು. ಮೂಗು ಬಾಯಿಗೆ ಟವೆಲ್ ಕಟ್ಟಿಕೊಳ್ಳಿ ಎಂದರೆ ಕಟ್ಟಿಕೊಂಡು, ನಾನು ಆ ಕಡೆ ತಿರುಗಿದ ಕೂಡಲೇ ಬಿಚ್ಚುತ್ತಿದ್ದರು. ಅಂಗೈ ನಿಲ್ಲುವ ಜಾಗದಲ್ಲಿ ಮಾತ್ರ ತೆಳ್ಳಗೆ ಉಳಿಸಿ, ಉಳಿದದ್ದನ್ನೆಲ್ಲ ಕೆರೆದರು. ಬಿದ್ದ ಪುಡಿಯನ್ನು ದಿನಾ ಗುಡಿಸಿ ಚೀಲಕ್ಕೆ ತುಂಬಿಟ್ಟು, ಕೊನೆಗೆ ಆ ಚೀಲವನ್ನೇ ತೂಕಕ್ಕೆ ಹಾಕಿದರು. ಹದಿನಾಲ್ಕು ಕೇಜಿ.

"ಇನ್ನೂ ನಾಲ್ಕು ಬಾಕಿ ಇದೆಯಲ್ಲ" ಎಂದೆ.

"ಅದ್ನ ನೀನ್ ಇಳ್ಸು. ಒಟ್ಟೆ ಐತಲ್ಲಾ" ಎಂದರು.

ನಾನು ರಾತ್ರಿ ಊಟಕ್ಕೆ ಅನ್ನ ಬಿಟ್ಟೆ. ಎರಡು ತಿಂಗಳ ನಂತರ ಮರಳಿನ ಚೀಲದೊಡನೆ ಹಾರಿದಾಗ ನಿಮಿಷಕ್ಕೆ ಐನೂರ ಹತ್ತು ಅಡಿ. ನಂಬದೆ ಇನ್ನೂ ಎರಡು ಸಲ ಹಾರಿದೆ. ಐನೂರ ಹತ್ತು, ಐನೂರು. ಇಳಿದು ಹೇಳಿದಾಗ ಈ ಸಲ "ಅವ್ಳೋದಾನಾ" ಎನ್ನಲಿಲ್ಲ. ಮರಳಿನ ಚೀಲದ ಬೆಲ್ಟ್ ಬಿಚ್ಚಿ, ಅದನ್ನು ಎರಡು ಕೈಯಲ್ಲಿ ಎತ್ತಿ ಕೆಳಗಿಳಿಸಿ, ಶೆಡ್ಡಿನ ಗೋಡೆಗೆ ಒರಗಿಸಿದರು.

ಅವರು ಹಾರಿದ್ದು ಮಾರನೆಯ ಬೆಳಿಗ್ಗೆ, ಗಾಳಿ ಏಳುವ ಮುಂಚೆ. ಒಗೆದ ಬಿಳಿ ಪಂಚೆ ಉಟ್ಟು ಬಂದಿದ್ದರು. ಸೀಟಿನಲ್ಲಿ ಕೂರಲು ಅದು ತೊಡಕೆಂದು ನನ್ನ ಪ್ಯಾಂಟ್ ಕೊಟ್ಟೆ, ಸೊಂಟಕ್ಕೆ ಹಗ್ಗ ಬಿಗಿದುಕೊಂಡರು. ಹೆಡ್‌ಫೋನ್ ಹಾಕಿದೆ. ಕರೆಂಟಿನ ಕಂಬಗಳು ಕೆಳಗೆ ಸರಿದವು, ಎಡಕ್ಕೆ ದೂರದಲ್ಲಿ ಏರ್ಕಾಡಿನ ಬೆಟ್ಟ ಕಾಣಿಸಿತು. ತೊಪ್ಪೂರಿನ ಕಡೆ ತಿರುಗಿಸಿದೆ. ರೋಡು, ರೋಡಿನ ಆಚೆ ಈಚೆ ಕುರುಚಲು ಗುಡ್ಡ, ಗುಡ್ಡದ ಮೇಲೆ ಸಣ್ಣ ಬಿಳಿ ಗೆರೆಗಳು. ಯಾವುದಾದರೂ ಒಂದು ಕುರಿದಾರಿ ಆಗಿದ್ದೀತು ಎಂದುಕೊಂಡು ಬಲ ರೆಕ್ಕೆಯನ್ನು ಕೆಳಗೆ ವಾಲಿಸಿದೆ.

"ಮೇಸ್ತ್ರಿ, ಈಗ ನೋಡಿ. ಕೆಳಗೆ."

"ಅಲ್ಲಾಡಿಸ್ಬೇಡ ತಮ್ಮಾ!"

ಹೆದರಿದರು ಎಂದುಕೊಂಡು ಪಕ್ಕಕ್ಕೆ ನೋಡಿದೆ. ಅವರು ಕತ್ತು ಪೂರ್ತಿ ಹಿಂದಕ್ಕೆ ತಿರುಗಿಸಿ, ಗಾಜಿಗೆ ಹಣೆ ಒತ್ತಿ, ರೆಕ್ಕೆಯ ಬುಡವನ್ನೇ ನೋಡುತ್ತಿದ್ದರು. ನಾನು ಚಾ ಕುಡಿಯುತ್ತಿದ್ದಾಗ ಬಲಬುಡದ ಮೂಲೆಯಲ್ಲಿ ಉಣ್ಣೆ ಎಳೆ ಅಂಟಿಸಿಬಿಟ್ಟಿದ್ದರು. ಇಪ್ಪತ್ತೈದು ನಿಮಿಷ ಹಾರಿದೆವು. ಆ ಗುಡ್ಡಗಳ ಮೇಲೆ ಮೂರು ಸುತ್ತು ಹಾಕಿದೆ. ಎರಡು ಸಲ ಕೆಳಗೆ ನೋಡಿ ಎಂದೆ, "ಊಂ, ಊಂ" ಎಂದರು. ಒಂದು ಸಲವೂ ನೋಡಲಿಲ್ಲ.

ಇಳಿದ ಮೇಲೆ ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. "ಅಪ್ಪನ ಜಾಗ ನೋಡಬೇಕು ಅಂತಿದ್ರಲ್ಲ ಮೇಸ್ತ್ರಿ?"

"ಅಪ್ಪ ಎಲ್ಲಿಗೂ ಓಗಲ್ಲ. ಅಲ್ಲಿ ಮೂರು ಎಳೆ ಇಂದಕ್ಕೆ ತಿರಿಕ್ಕೊಂಡು ಕುಣೀತವೆ, ಅದ್ನ ಮೊದ್ಲು ನೋಡು."

ನಿಜವೇ. ಬುಡದಲ್ಲಿ ಗಾಳಿ ಸುಳಿ ಸುತ್ತುತ್ತಿತ್ತು. ಅವರು ಫೈಬರಿನಲ್ಲಿ ಮೊರದ ಮೂಲೆಯಂತೆ ಬಾಗಿದ ಒಂದು ತುಂಡು ಮಾಡಿ, ರೆಕ್ಕೆಗೂ ಮೈಗೂ ನಡುವಿನ ಆ ಸಂದಿಗೆ ಕೂರಿಸಿದರು. ಎಡಕ್ಕೂ ಒಂದು. ಅದರಿಂದ ವೇಗ ಏಳು ಕಿಲೋಮೀಟರ್ ಏರಿ, ನಕ್ಷೆ ಮಾಡಿದವನು ಬರೆದ ನೂರ ಎಂಬತ್ತನ್ನು ದಾಟಿತು. ಇನ್ನೊಂದು ಸಲ ಕರೆದುಕೊಂಡು ಹೋಗುತ್ತೇನೆ, ಈ ಸಲ ಉಣ್ಣೆ ಗಿಣ್ಣೆ ಏನೂ ಬೇಡ ಎಂದೆ. ಬಿಸಿಲು ಕಮ್ಮಿಯಾಗಲಿ ಎಂದರು. ಆಮೇಲೆ ಕೆಮ್ಮು ಹಿಡಿಯಿತು. ಆಮೇಲೆ ಮೊರಪ್ಪೂರಿನ ಮಗಳ ಮನೆಯಲ್ಲಿದ್ದರು. ಅಲ್ಲಿಂದ ತಿರುಗಿ ಬಂದದ್ದು ಆಂಬುಲೆನ್ಸಿನಲ್ಲಿ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ, ಜನ ಕರಗಿದಾಗ, ಅಕ್ಕ ನನ್ನನ್ನು ಒಳಗೆ ಕರೆದರು.

"ತಮ್ಮಾ, ಒಂದ್ ಮಾತು ಕೇಳ್ತೀನಿ, ಸುಳ್ ಏಳ್ಬಾರ್ದು. ಆವತ್ತು ಅವ್ರು ಮೇಲಿಂದ ಅಪ್ಪನ ಜಾಗ ನೋಡುದ್ರಾ?"

"ಅವರು ಏನು ಹೇಳಿದರು ಅಕ್ಕ?" ಎಂದು ತಪ್ಪಿಸಿಕೊಳ್ಳಲು ನೋಡಿದೆ.

"ನೋಡ್ದೆ ಅಂದ್ರು. ದಾರಿ ಗೆರೆ ಚೆನ್ನಾಗ್ ಕಾಣ್ತು, ಉಣಸೆಮರ ಅಂಗೇ ಐತೆ, ನೆರಳು ದೊಡ್ದಾಗೈತೆ ಅಂದ್ರು. ಆ ಮರ ಕಡ್ದು ಎಷ್ಟ್ ವರ್ಸ ಆಯ್ತು! ರೋಡ್ ಕೆಲ್ಸದಾಗೆ ಕಡ್ದಿದ್ದು ನಮ್ಮಣ್ಣನೇ. ಅವ್ರಿಗೆ ಏಳಿದ್ರೆ ತಡ್ಕಳಲ್ಲ ಅಂತ ನಾನು ಏಳ್ಳೇ ಇಲ್ಲ. ಅವ್ರು ನೋಡ್ದೆ ಅಂದಾಗ ನಾನೂ ಊಂ ಅಂದೆ."



"ಇಲ್ಲ ಅಕ್ಕ. ಅವರು ಕೆಳಗೆ ನೋಡಲೇ ಇಲ್ಲ."

"ಮತ್ತೆ ಅಷ್ಟೊತ್ತು ಏನ್ ನೋಡಿದ್ರು?"

"ರೆಕ್ಕೆ ಬುಡದಲ್ಲಿ ಉಣ್ಣೆ ಅಂಟಿಸಿದ್ದರು. ಹತ್ತಿದಾಗಿನಿಂದ ಇಳಿಯುವವರೆಗೆ ಅದನ್ನೇ ನೋಡ್ತಿದ್ದರು. ನಾನು ಕೂಗಿದರೂ ತಿರುಗಲಿಲ್ಲ."

ಅಕ್ಕ ನನ್ನ ಮುಖ ನೋಡಿದರು.

"ಯಾವ ಉಣ್ಣೆ? ನಾನ್ ನೂತಿದ್ದಾ?"

"ಹೌದು ಅಕ್ಕ. ನೀವು ನೂತಿದ್ದೇ."

"ಆಕಾಸ್ದಾಗೆ ಓಗಿ ನನ್ ನೂಲ್ನ ನೋಡ್ಕೊಂಡ್ ಬಂದ್ರಾ ಈಯಪ್ಪಾ!" ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಹನ್ನೊಂದು ದಿನದಲ್ಲಿ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲವಂತೆ. ಏನಾಯಿತೆಂದು ಮಗಳು ಅಡುಗೆಮನೆಯಿಂದ ಓಡಿ ಬಂದಳು. ಅಕ್ಕ ಕಣ್ಣೊರೆಸಿಕೊಂಡು, ಏನೂ ಇಲ್ಲ, ತಮ್ಮನಿಗೆ ಚಾ ತಾ ಎಂದರು.